ಪೂರ್ತಿ ಕಪ್ಪು ಹಾಕಿದರೆ ಶರ್ಟು ನೀಲಿ ಹೊಡೆಯುತ್ತೆ, ಪ್ಯಾಂಟು ಕಂದು ಹೊಡೆಯುತ್ತೆ. ಏನು ಮಾಡೋದು?

ಕರಿಅಂಗಿ_30

ಡಿಸೆಂಬರ್ ಎರಡನೇ ವಾರ ಬೆಂಗಳೂರಲ್ಲಿ ಗೆಳೆಯನ ರಿಸೆಪ್ಷನ್ ಇದೆ. ಸಂಜೆ 7ಕ್ಕೆ ಶುರು, ಅರ್ಧ ಲಾನ್, ಅರ್ಧ ಹಾಲ್. ತಲೆಯಿಂದ ಪಾದದವರೆಗೆ ಕಪ್ಪೇ ಹಾಕಬೇಕು ಅಂತ ತೀರ್ಮಾನ ಮಾಡಿದ್ದೀನಿ.

ಕೈಯಲ್ಲಿ ಇರೋದು: ಸ್ವಲ್ಪ ಹೊಳಪಿರೋ ಕಾಟನ್ ಸ್ಯಾಟಿನ್ ಶರ್ಟು, ಪಾಲಿಯೆಸ್ಟರ್-ವಿಸ್ಕೋಸ್ ಫಾರ್ಮಲ್ ಪ್ಯಾಂಟು, ಎರಡು ವರ್ಷದ ಹಳೇ ಜೀನ್ಸು, ಡರ್ಬಿ ಶೂ. ಎಲ್ಲವೂ ಕಪ್ಪು. ಬ್ಲೇಜರ್ ಇನ್ನೂ ತಗೊಂಡಿಲ್ಲ.

ರೂಮಿನ ಟ್ಯೂಬ್‌ಲೈಟಿನಲ್ಲಿ ಎಲ್ಲ ಒಂದೇ ಕಪ್ಪು. ಬಾಲ್ಕನಿಗೆ ಬಂದರೆ ಶರ್ಟು ನೀಲಿ ಹೊಡೆಯುತ್ತೆ, ಪ್ಯಾಂಟು ಕಂದು ಹೊಡೆಯುತ್ತೆ. ಫೋಟೊದಲ್ಲಿ ಪ್ಯಾಂಟು ದ್ರಾಕ್ಷಿ ಬಣ್ಣಕ್ಕೆ ಬಂದಿದೆ. ಯಾಕೆ ಹೀಗೆ? ಬ್ಲೇಜರ್ ಇದ್ದ ಪ್ಯಾಂಟಿಗೆ ಹೊಂದೋ ಹಾಗೆ ತಗೊಳ್ಳಲಾ, ಇಲ್ಲ ಎರಡೂ ಹೊಸದಾಗಿ ಹೊಲಿಸಲಾ?

ಎತ್ತರ 5 ಅಡಿ 6 ಇಂಚು, ತೂಕ 74 ಕೆಜಿ, ಸೊಂಟ 35, ಹೊಟ್ಟೆ ಸ್ವಲ್ಪ ಮುಂದಿದೆ. ಮೈಬಣ್ಣ ಕಪ್ಪು. ಹಳೇ ಜೀನ್ಸಿಗೆ ಮತ್ತೆ ಬಣ್ಣ ಹಾಕಿಸಬಹುದಾ ಅಂತಾನೂ ತಿಳಿಸಿ.

ಬಣ್ಣದ_ತೊಟ್ಟಿ

ನಿಮ್ಮ ಕಣ್ಣು ಸರಿಯಾಗೇ ಇದೆ ಸರ್. ಬಟ್ಟೆ ಗಿರಣಿಯಲ್ಲಿ ಕಪ್ಪು ಅಂದರೆ ಒಂದೇ ಬಣ್ಣ ಅಲ್ಲ. ಒಂದೊಂದು ನೂಲಿಗೆ ಒಂದೊಂದು ಪಾಕ.

ಹತ್ತಿಗೆ ಮುಖ್ಯವಾಗಿ ಎರಡು ದಾರಿ. ಜೀನ್ಸು, ದಪ್ಪ ಟ್ವಿಲ್ಲುಗಳಿಗೆ ಸಲ್ಫರ್ ಬ್ಲ್ಯಾಕ್. ಅಗ್ಗ, ಆಳವಾಗಿ ಕೂರುತ್ತೆ, ಆದರೆ ಉಜ್ಜಿದ ಕಡೆಯಲ್ಲೆಲ್ಲ ಬೂದಿಯಾಗುತ್ತೆ. ಶರ್ಟಿನ ಬಟ್ಟೆಗಳಿಗೆ ಹೆಚ್ಚಾಗಿ ರಿಯಾಕ್ಟಿವ್ ಬ್ಲ್ಯಾಕ್. ಇದರ ಮೂಲದ್ರವ್ಯ ನಿಜಕ್ಕೂ ಕಡುನೀಲಿ. ಅದಕ್ಕೆ ಅಳತೆಯಾಗಿ ಕಿತ್ತಳೆ, ಕೆಂಪು ಬೆರೆಸಿ ಕಣ್ಣಿಗೆ ಕಪ್ಪು ಅನ್ನಿಸೋ ಹಾಗೆ ಮಾಡ್ತಾರೆ. ಬೆರೆಸಿದ್ದು ಕಮ್ಮಿಯಾದರೆ, ಅಥವಾ ಒಗೆದೊಗೆದು ಅದೇ ಮೊದಲು ಬಿಟ್ಟುಹೋದರೆ, ಒಳಗಿನ ನೀಲಿ ತಲೆ ಎತ್ತುತ್ತೆ. ನಿಮ್ಮ ಶರ್ಟಿನಲ್ಲಿ ಕಾಣ್ತಿರೋದು ಆ ನೀಲಿ.

ಪ್ಯಾಂಟಿನಲ್ಲಿ ಎರಡು ನೂಲು, ಹಾಗಾಗಿ ಎರಡು ಬಣ್ಣ. ಪಾಲಿಯೆಸ್ಟರಿಗೆ ಡಿಸ್ಪರ್ಸ್ ಬಣ್ಣ, ಅದೂ ಒತ್ತಡದ ಯಂತ್ರದಲ್ಲಿ 130 ಡಿಗ್ರಿ ಸೆಲ್ಸಿಯಸ್ ಆಸುಪಾಸು ಬಿಸಿಯಲ್ಲಿ. ವಿಸ್ಕೋಸಿಗೆ ಹತ್ತಿಯ ಹಾಗೇ ಬೇರೆ ಬಣ್ಣ. ಡಿಸ್ಪರ್ಸ್ ಕಪ್ಪು ಕೂಡ ನೀಲಿ, ಕಿತ್ತಳೆ, ನೇರಳೆಗಳ ಮಿಶ್ರಣವೇ. ಯಾವುದರ ಪಾಲು ಹೆಚ್ಚೋ ಆ ಕಡೆಗೆ ವಾಲುತ್ತೆ. ಟ್ಯೂಬ್‌ಲೈಟಿನ ಬೆಳಕಲ್ಲಿ ಬಣ್ಣಗಳ ಪಾಲು ಬಿಸಿಲಿನ ಹಾಗೆ ಸಮನಾಗಿರಲ್ಲ. ಅದಕ್ಕೇ ಅಲ್ಲಿ ಒಂದೇ ಅನ್ನಿಸಿದ ಎರಡು ಮಿಶ್ರಣ ಹಗಲಲ್ಲಿ ಬೇರೆಬೇರೆಯಾಗಿ ಕಾಣುತ್ತವೆ.

ಫೋಟೊದ ದ್ರಾಕ್ಷಿ ಬಣ್ಣಕ್ಕೆ ಕಾರಣ ಬೇರೆ ಇರಬಹುದು. ಬಹಳಷ್ಟು ಸಿಂಥೆಟಿಕ್ ಕಪ್ಪು ಬಟ್ಟೆಗಳು ಕಣ್ಣಿಗೆ ಕಾಣದ ಅತಿಗೆಂಪು ಬೆಳಕನ್ನ ಹೀರಿಕೊಳ್ಳಲ್ಲ, ಹಿಂದಕ್ಕೆ ಕಳಿಸುತ್ತವೆ. ಕ್ಯಾಮೆರಾ ಒಳಗಿನ ಫಿಲ್ಟರ್ ಅದನ್ನ ಪೂರ್ತಿ ತಡೆಯದೇ ಹೋದರೆ ಕಪ್ಪು ನೇರಳೆಯಾಗಿ ದಾಖಲಾಗುತ್ತೆ. 2006ರಲ್ಲಿ ಬಂದ ಲೈಕಾ ಎಂ8 ಕ್ಯಾಮೆರಾದಲ್ಲಿ ಇದು ಎಷ್ಟು ಎದ್ದು ಕಂಡಿತು ಅಂದರೆ, ಲೆನ್ಸ್ ಮುಂದೆ ಹಾಕೋ ಫಿಲ್ಟರುಗಳನ್ನ ಕಂಪನಿಯೇ ಗ್ರಾಹಕರಿಗೆ ಕೊಡಬೇಕಾಯಿತು. ಸ್ಟೇಜಿನಲ್ಲಿ ಹಳದಿ ಹ್ಯಾಲೊಜನ್ ದೀಪ ಇದ್ದರೆ ಅತಿಗೆಂಪು ಇನ್ನೂ ಹೆಚ್ಚು. ನಿಮ್ಮ ಪ್ಯಾಂಟು ಫೋಟೊದಲ್ಲಿ ಮೋಸ ಮಾಡೋದು ಅಂಥಾ ಕಡೆ.

ಅಂಗಡಿಯಲ್ಲಿ ಪರೀಕ್ಷೆ ಹೀಗೆ ಮಾಡಿ. ಬೆಳಗ್ಗೆ 11ರಿಂದ ಮಧ್ಯಾಹ್ನ 3ರ ಒಳಗೆ ಹೋಗಿ. ಎರಡೂ ಬಟ್ಟೆಯನ್ನ ಬಾಗಿಲ ಹತ್ತಿರ ತನ್ನಿ, ನೇರ ಬಿಸಿಲಿಗೆ ಬೇಡ, ನೆರಳಿನ ಬೆಳಕಿಗೆ. ಒಂದರ ಅಂಚನ್ನ ಇನ್ನೊಂದರ ಮೇಲೆ ಮಡಿಸಿ ಇಟ್ಟು ಪಕ್ಕದಲ್ಲಿ ಒಂದು ಬಿಳೀ ಹಾಳೆ ಇಡಿ. ಬಿಳಿ ಪಕ್ಕದಲ್ಲಿದ್ದರೆ ಕಪ್ಪು ಯಾವ ಕಡೆ ವಾಲಿದೆ ಅಂತ ಕಣ್ಣು ಬೇಗ ಹಿಡಿಯುತ್ತೆ: ನೀಲಿ, ಹಸಿರು, ಕಂದು, ಇಲ್ಲ ಕೆಂಪು. ಆಮೇಲೆ ಒಳಗಿನ ಎಲ್‌ಇಡಿ ಕೆಳಗೆ ಇನ್ನೊಂದು ಸಲ ನೋಡಿ. ಎರಡೂ ಬೆಳಕಲ್ಲಿ ಹೊಂದಿದರೆ ಮಾತ್ರ ಹೊಂದಿತು ಅನ್ನಿ.

ಕೊಳ್ಳೋ ಮುಂಚೆ ಬಣ್ಣ ಬಿಡುತ್ತಾ ಅಂತಾನೂ ನೋಡಿ. ಬಿಳೀ ಕರ್ಚೀಫಿನ ಒಂದು ಮೂಲೆ ಒದ್ದೆ ಮಾಡಿ, ಬಟ್ಟೆಯ ಒಳಮಡಿಕೆ ಮೇಲೆ ಹತ್ತು ಸಲ ಒತ್ತಿ ಉಜ್ಜಿ. ನಸುಬೂದಿ ಹತ್ತಿದರೆ ಎರಡು ಒಗೆತಕ್ಕೆ ನಿಲ್ಲುತ್ತೆ. ಇದ್ದಿಲು ಒರೆಸಿದ ಹಾಗೆ ಹತ್ತಿದರೆ ಆ ಬಟ್ಟೆ ಬೇಡ. ಕತ್ತಿಗೆ, ಕಂಕುಳಿಗೆ, ಕುರ್ಚಿಯ ಬಿಳೀ ಕವರಿಗೆ ಎಲ್ಲಕ್ಕೂ ಹತ್ತುತ್ತೆ.

ಜೀನ್ಸಿಗೆ ಮತ್ತೆ ಬಣ್ಣ ಹಾಕಿಸಬಹುದು, ಹತ್ತಿ ಹಿಡಿಯುತ್ತೆ. ಆದರೆ ಹೊಲಿಗೆಯ ದಾರ ಪಾಲಿಯೆಸ್ಟರ್ ಆಗಿದ್ದರೆ ಅದು ಹಿಡಿಯಲ್ಲ. ಈಗ ಬೂದಿಯಾಗಿರೋ ದಾರ ಹೊಸ ಕಪ್ಪಿನ ಮೇಲೆ ಗೆರೆ ಎಳೆದ ಹಾಗೆ ಎದ್ದು ಕಾಣುತ್ತೆ. ಎರಡು ಪರ್ಸೆಂಟಿಗಿಂತ ಹೆಚ್ಚು ಇಲಾಸ್ಟಿಕ್ ನೂಲು ಸೇರಿದ ಜೀನ್ಸನ್ನ ಕುದಿಯೋ ನೀರಿಗೆ ಹಾಕಿಸಬೇಡಿ, ಮಂಡಿ ಹತ್ತಿರ ಸಡಿಲ ಬೀಳುತ್ತೆ. ಫಾರ್ಮಲ್ ಪ್ಯಾಂಟನ್ನ ಮನೆಯಲ್ಲಾಗಲಿ, ಮಾಮೂಲಿ ಡೈಯಿಂಗ್ ಅಂಗಡಿಯಲ್ಲಾಗಲಿ ಸರಿಮಾಡೋಕೆ ಆಗಲ್ಲ, ಪಾಲಿಯೆಸ್ಟರಿಗೆ ಬೇಕಾದ ಆ ಬಿಸಿ, ಆ ಒತ್ತಡ ಅಲ್ಲಿ ಸಿಗಲ್ಲ.

ಕಾಜಗುಂಡಿ_ಹುಬ್ಬಳ್ಳಿ

ಬಣ್ಣದ ಮಾತು ಮ್ಯಾಲಿನವರು ಛಂದ ಹೇಳ್ಯಾರ. ನಾ ಹೊಲಿಗಿ ಮಾತು ಹೇಳ್ತೀನಿ.

ಇದ್ದ ಪ್ಯಾಂಟಿಗೆ ಹೊಂದೂ ಬ್ಲೇಜರ್ ಹುಡುಕೂದು ಬ್ಯಾಡ್ರಿ. ಹುಡುಕಿ ಹುಡುಕಿ ಕಡೀಕ ಒಂದೀಟು ಫರಕು ಉಳದ ಉಳೀತೈತಿ. ಕೋಟು, ಪ್ಯಾಂಟು ಎರಡೂ ಒಂದ ಥಾನಿನಿಂದ (ಬಟ್ಟಿ ಸುರುಳಿಯಿಂದ), ಒಂದ ತುಂಡು ತಗೊಂಡು ಹೊಲಸ್ರಿ. 58 ಇಂಚು ಪನ್ನಾ (ಬಟ್ಟಿ ಅಗಲ) ಇದ್ರ ನಿಮ್ಮ ಅಳತಿಗೆ 3.25 ಮೀಟರ್ ಸಾಕು. ಕೋಟಿಗೆ ಇವತ್ತೊಂದು ತುಂಡು, ಪ್ಯಾಂಟಿಗೆ ನಾಳೆ ಇನ್ನೊಂದು ತುಂಡು ಅಂತ ತರಬ್ಯಾಡ್ರಿ. ನಂಬರ್ ಒಂದ ಇದ್ರೂ ಬಣ್ಣದ ತೊಟ್ಟಿ ಬ್ಯಾರೆ ಆಗಿದ್ರ ಕಪ್ಪು ಬ್ಯಾರೆ ಆಗತೈತಿ.

ಬಟ್ಟಿ ಟೆರಿವೂಲ್ (ಪಾಲಿಯೆಸ್ಟರ್, ಉಣ್ಣಿ ಕೂಡಿದ್ದು) ನೋಡ್ರಿ, ಚದರ ಮೀಟರಿಗೆ 240ರಿಂದ 260 ಗ್ರಾಂ ತೂಕದ್ದು. ಬೆಂಗಳೂರಿನ ಡಿಸೆಂಬರ್ ಸಂಜಿಗೆ ಅದು ಸರಿ. ಕೈಯಾಗ ಹಿಡಿದು ಬೆಳಕಿಗೆ ಓರೆ ಮಾಡಿದಾಗ ಮಿಂಚಬಾರದು. ಪೂರಾ ಪಾಲಿಯೆಸ್ಟರ್ ಇದ್ರ ಮೊಣಕೈ, ಸೀಟು ಎರಡ ದಿನದಾಗ ಮಿಂಚಾಕ ಹತ್ತತಾವ, ಕರೇದರಾಗ ಅದು ಎಣ್ಣಿ ಹಚ್ಚಿದಂಗ ಕಾಣತೈತಿ.

ಈಗ ಅಳತಿ. ಪೂರ್ತಿ ಕರೇದು ಹಾಕಿದಾಗ ಕಿಸೆ, ಡಾರ್ಟು, ಹೊಲಿಗಿ ಯಾವುದೂ ದೂರಕ್ಕ ಕಾಣಂಗಿಲ್ಲ. ಕಾಣೂದು ಮೈಯ ಅಂಚು ಒಂದ. ಹಂಗಾಗಿ ಭುಜ, ತೋಳಿನ ತುದಿ, ಪ್ಯಾಂಟಿನ ಬಾಟಮ್, ಈ ಮೂರು ಕಡೆ ತಪ್ಪಿದ್ರ ಮತ್ತೇನು ಮಾಡಿದ್ರೂ ಮುಚ್ಚಂಗಿಲ್ಲ.

ಭುಜದ ಹೊಲಿಗಿ ಭುಜದ ಎಲುಬು ಮುಗಿಯೂ ಕಡೆ ಮುಗೀಬೇಕು. ಕಾಲು ಇಂಚು ಹೊರಗ ಹೋದ್ರ ಅಲ್ಲೊಂದು ಗುಳಿ ಬೀಳತೈತಿ. ಪ್ಯಾಡ್ ತೆಳ್ಳಂದು ಹಾಕಸ್ರಿ. ಕೋಟಿನ ಉದ್ದ ಹಿಂದಿನ ಕಾಲರ್ ಬುಡದಿಂದ 28 ಇಂಚಿನ ಆಸುಪಾಸು, ಸೀಟು ಪೂರಾ ಮುಚ್ಚಬೇಕು. ಈಗಿನ ಗಿಡ್ಡ ಕೋಟು ಹಾಕಿದ್ರ ಹೊಟ್ಟಿ ಕೆಳಗ ಕರೇ ಡಬ್ಬಿ ನಿಂತಂಗ ಆಗತೈತಿ. ಎರಡು ಗುಂಡಿ, ಮ್ಯಾಲಿನ ಗುಂಡಿ ಹೊಕ್ಕಳಕ್ಕಿಂತ ಒಂದು ಇಂಚು ಮ್ಯಾಲ. ಲ್ಯಾಪೆಲ್, ಅಂದ್ರ ಎದಿ ಮ್ಯಾಲ ಮಡಚಿದ ಕಾಲರ್ ಪಟ್ಟಿ, 3 ಇಂಚಿನಿಂದ 3.25. ಹಿಂದ ಎರಡು ಸೀಳು ಇಡಸ್ರಿ, ಕುಂತಾಗ ಬಟ್ಟಿ ಮ್ಯಾಲೇರಂಗಿಲ್ಲ. ಗುಂಡಿ ಮಂಕು ಇರಲಿ, ಪ್ಲಾಸ್ಟಿಕ್ ಮಿಂಚಿನ ಗುಂಡಿ ಹಾಕಿದ್ರ ನೋಡೂವರ ಕಣ್ಣು ಅಲ್ಲೇ ಹೊಕ್ಕತೈತಿ.

ಪ್ಯಾಂಟು: ಮುಂದಿನ ರೈಸ್ (ತೊಡಿ ಸಂದಿಯಿಂದ ಸೊಂಟಪಟ್ಟಿ ತನಕ) 11 ಇಂಚು. ಹೊಟ್ಟಿ ಕೆಳಗ ಕಟ್ಟೂದಲ್ಲ, ಹೊಟ್ಟಿ ಮ್ಯಾಲ ಕಟ್ಟೂದು. ಒಂದು ಪ್ಲೀಟು ಇರಲಿ, ಕುಂತಾಗ ತೊಡಿ ಮ್ಯಾಲ ಬಟ್ಟಿ ಎಳಿಯಂಗಿಲ್ಲ. ತೊಡಿ 25, ಮಂಡಿ 18, ಬಾಟಮ್ 14.5. ಉದ್ದ ಶೂ ಮ್ಯಾಲ ಬಂದು ಮುಟ್ಟಿದ್ರ ಸಾಕು, ಮಡಿಕಿ ಬೀಳಬಾರದು. ಹಿಂದ ಅರ್ಧಾ ಇಂಚು ಉದ್ದ ಇಟ್ಟು ಓರೆ ಕತ್ತರಸ್ರಿ. ಎತ್ತರ ಕಮ್ಮಿ ಇದ್ದವರಿಗೆ ಕರೇದು ಭಾಳ ಉಪಕಾರ ಮಾಡತೈತಿ, ಸೊಂಟದ ಕಡೆ ಬಣ್ಣ ತುಂಡಾಗಂಗಿಲ್ಲ, ಭುಜದಿಂದ ಶೂ ತನಕ ಒಂದ ಗೆರಿ. ಬಾಟಮ್ಮಿನಾಗ ನಾಕು ಮಡಿಕಿ ಕುಂತ್ರ ಆ ಉಪಕಾರ ಅಲ್ಲೇ ಮುಗೀತು.

ಇನ್ನೊಂದು ಮಾತು. ಟ್ರಯಲಿಗೆ ಹೋಗೂದು ಹಗಲೊತ್ತಿನಾಗ ಹೋಗ್ರಿ. ಕರೇ ಬಟ್ಟಿ ಮ್ಯಾಲ ಕರೇ ದಾರ ರಾತ್ರಿ ದೀಪದಾಗ ಹೊಲಿಯೂವರಿಗೂ ಸರಿಯಾಗಿ ಕಾಣಂಗಿಲ್ಲ. ಕಾಜದ ಅಂಚು, ಕಿಸೆಯ ಮೂಲಿ, ಕಂಕುಳ ಹೊಲಿಗಿ ಬೆರಳು ಆಡಿಸಿ ನೋಡ್ರಿ. ಲ್ಯಾಪೆಲ್ ಒಳಗಿನ ಫ್ಯೂಸಿಂಗ್ (ಬಿಸಿ ಮಾಡಿ ಅಂಟಿಸೂ ಒಳಪದರ) ಸರಿ ಅಂಟದಿದ್ರ ಡ್ರೈಕ್ಲೀನ್ ಆದಮ್ಯಾಲ ಗುಳ್ಳಿ ಏಳತಾವ, ಸ್ಟೇಜಿನ ಓರೆ ಬೆಳಕಿನಾಗ ಅವು ಎಣಿಸೂ ಹಂಗ ಕಾಣತಾವ. ಎದಿ ಭಾಗಕ್ಕಾದ್ರೂ ಕ್ಯಾನ್ವಾಸ್ (ಅಂಟಿಸದ ಹೊಲಿದು ಕೂಡಿಸೂ ಒಳಬಟ್ಟಿ) ಹಾಕೂ ದರ್ಜಿ ಕಡೆ ಹೊಲಸ್ರಿ.

ಕರಿಅಂಗಿ_30

ಇಬ್ಬರಿಗೂ ಧನ್ಯವಾದ. ಕೋಟು ಪ್ಯಾಂಟು ಒಂದೇ ತುಂಡಿನಿಂದ ಅಂತ ಆಯ್ತು. ಒಳಗೆ ಆ ಹೊಳಪಿನ ಶರ್ಟೇ ಹಾಕಲಾ? ವೆಲ್ವೆಟ್ ಬಂದ್‌ಗಲಾ ಹೊಲಿಸು ಅಂತ ಒಬ್ಬರು, ಕಪ್ಪು ಮೈಗೆ ಕಪ್ಪು ಬಟ್ಟೆ ಬೇಡ ಅಂತ ಇನ್ನೊಬ್ಬರು. ಮನೆಯಲ್ಲಿ ಅಮ್ಮಂಗೆ ಶುಭಕಾರ್ಯಕ್ಕೆ ಕಪ್ಪು ಅಂದರೇ ಇಷ್ಟ ಇಲ್ಲ.

ನೂಲೆಳೆ

ಮೈಬಣ್ಣದ ಮಾತು ಮೊದಲು ಮುಗಿಸೋಣ. ಕಪ್ಪು ಮೈಗೆ ಕಪ್ಪು ಬಟ್ಟೆ ಒಪ್ಪಲ್ಲ ಅನ್ನೋದು ಸುಳ್ಳು. ಒಪ್ಪದೇ ಇರೋದು ಮಾಸಿದ ಕಪ್ಪು ಮತ್ತು ಅಗ್ಗದ ಹೊಳಪು. ಆಳವಾದ, ಮಂಕು ಮೈಯ ಕಪ್ಪು ಬಟ್ಟೆ ಪಕ್ಕದಲ್ಲಿದ್ದರೆ ನಿಮ್ಮ ಚರ್ಮದ ಕೆಂಪು, ತಾಮ್ರದ ಛಾಯೆ ಎದ್ದು ಬರುತ್ತೆ. ಯಾಕಂದರೆ ಹೋಲಿಕೆಗೆ ಅದಕ್ಕಿಂತ ಗಾಢವಾದದ್ದು ಪಕ್ಕದಲ್ಲೇ ಇದೆ. ಬಿಳೀ ಶರ್ಟು ಹಾಕಿದಾಗ ಆಗೋದು ಇದಕ್ಕೆ ತಿರುಗಾಮುರುಗಾ. ಮುಖ, ಕತ್ತು, ಕೈಗಳಿಗೆ ತೆಳುವಾಗಿ ಮಾಯಿಶ್ಚರೈಸರ್ ಹಚ್ಚಿ. ಡಿಸೆಂಬರ್ ಒಣಹವೆಗೆ ಬೆರಳಗಂಟು, ಮಣಿಕಟ್ಟು ಬೂದಿ ಬಳಿದ ಹಾಗಾಗುತ್ತೆ, ಕಪ್ಪು ತೋಳಿನ ಅಂಚಲ್ಲಿ ಅದು ತುಂಬಾ ಕಾಣುತ್ತೆ. ಕತ್ತಿಗೆ ಪೌಡರ್ ಮಾತ್ರ ಬೇಡವೇ ಬೇಡ. ಕಾಲರ್ ಒಳಗಂಚಿಗೆಲ್ಲ ಬಿಳೀ ಹಿಟ್ಟು ಹತ್ತುತ್ತೆ.

ಈಗ ಬಟ್ಟೆಯ ಮೈ. ಪೂರ್ತಿ ಕಪ್ಪಿನ ಗುಟ್ಟು ಇರೋದು ಇಲ್ಲಿ: ಬಣ್ಣ ಒಂದೇ ಆದಾಗ ನೋಡೋರ ಕಣ್ಣು ನೇಯ್ಗೆಯನ್ನ ಓದೋಕೆ ಶುರು ಮಾಡುತ್ತೆ. ಎರಡು ಕಪ್ಪು ಹೆಚ್ಚುಕಮ್ಮಿ ಒಂದೇ ಥರ ನಯ ಇದ್ದು ಬಣ್ಣ ಮಾತ್ರ ಚೂರು ತಪ್ಪಿದ್ದರೆ ಅದು ಎಡವಟ್ಟಾಗಿ ಕಾಣುತ್ತೆ. ಎರಡರ ಮೈಯೇ ಬೇರೆ ಆಗಿದ್ದರೆ, ಒಂದು ಒರಟು ಇನ್ನೊಂದು ನಯ ಇದ್ದರೆ, ಬಣ್ಣದ ಸಣ್ಣ ವ್ಯತ್ಯಾಸ ಯಾರ ಕಣ್ಣಿಗೂ ಬೀಳಲ್ಲ. ನಮ್ಮ ಕರಿ ಕಂಬಳಿ ನೋಡಿ. ದಖ್ಖನಿ ಕುರಿಯ ಕಪ್ಪು ಉಣ್ಣೆಗೆ ಬಣ್ಣ ಹಾಕಿರಲ್ಲ, ಬಿಸಿಲಿಗೆ ಎಳೆಯ ತುದಿ ಕಂದಾಗಿರುತ್ತೆ. ಆದರೂ ಅದನ್ನ ಯಾರೂ ಮಾಸಿದ ಕಪ್ಪು ಅನ್ನಲ್ಲ. ಆ ಒರಟು ಮೈ ಕಂದನ್ನ ತನ್ನೊಳಗೆ ಇಟ್ಟುಕೊಳ್ಳುತ್ತೆ.

ಹಾಗಾಗಿ ಮಂಕು ಟೆರಿವೂಲ್ ಸೂಟಿನ ಒಳಗೆ ಮೂರರಲ್ಲಿ ಒಂದು. ತೆಳುವಾದ ಉಣ್ಣೆಯ ಕಾಲರಿಲ್ಲದ ನಿಟ್: ಮೈಗೆ ಅಂಟಬಾರದು, ಹೊಟ್ಟೆ ಹತ್ತಿರ ಒಂದು ಹಿಡಿ ಬಟ್ಟೆ ಕೈಗೆ ಸಿಗಬೇಕು. ಮಂಕು ಪಾಪ್ಲಿನ್ ಶರ್ಟು, ಮೇಲಿನ ಎರಡು ಗುಂಡಿ ಬಿಚ್ಚಿ. ಇಲ್ಲ, ರೇಷ್ಮೆ ಶರ್ಟು. ನಿಮಗೆ ನಾನು ಹೇಳೋದು ಪಾಪ್ಲಿನ್. ಎದೆಯ ಮೇಲೆ ಆ ಸಣ್ಣ ತ್ರಿಕೋನದಷ್ಟು ಚರ್ಮ ಕಂಡರೆ ಮುಖ ಬಟ್ಟೆಯಿಂದ ಬೇರ್ಪಟ್ಟು ನಿಲ್ಲುತ್ತೆ, ಕತ್ತೂ ಉದ್ದ ಕಾಣುತ್ತೆ. ಕತ್ತಿನವರೆಗೆ ಗುಂಡಿ ಹಾಕಿ ಕಪ್ಪು ಟೈ ಕಟ್ಟೋದು ಸಣ್ಣ ಮೈಯವರಿಗೆ ಸರಿ. 5 ಅಡಿ 6 ಇಂಚಿಗೆ 74 ಕೆಜಿ ಇದ್ದಾಗ ಮುಖ ಕಪ್ಪು ಕಂಬದ ಮೇಲೆ ಇಟ್ಟ ಹಾಗಾಗುತ್ತೆ.

ನಿಮ್ಮ ಸ್ಯಾಟಿನ್ ಶರ್ಟು ಬೇಡ. ಸ್ಯಾಟಿನ್ ನೇಯ್ಗೆಯಲ್ಲಿ ಎಳೆ ಮೇಲೆ ಉದ್ದಕ್ಕೆ ಮಲಗಿರುತ್ತೆ, ಅದಕ್ಕೇ ಹೊಳಪು. ಹೊಟ್ಟೆ ಮೇಲೆ ಗುಂಡಿಗಳ ನಡುವೆ ಬೀಳೋ ಪ್ರತಿ ಎಳೆತಕ್ಕೂ ಅಲ್ಲೊಂದು ಬಿಳೀ ಮಿಂಚು. ಮೇಲಾಗಿ ಅದು ನೀಲಿ ಹೊಡೆಯುತ್ತೆ ಅಂತ ನೀವೇ ಹೇಳಿದ್ದೀರಿ. ಅದನ್ನ ಆ ಹಳೇ ಜೀನ್ಸಿನ ಜೊತೆ ಬೇರೆ ದಿನ ಹಾಕಿ. ಬೂದಿ ತಿರುಗಿದ ಒರಟು ಡೆನಿಮ್ಮಿಗೆ ಹೊಳಪಿನ ಶರ್ಟು ಚೆನ್ನಾಗಿ ಹೊಂದುತ್ತೆ. ಬಣ್ಣ ಹಾಕಿಸಬೇಡಿ ಆ ಜೀನ್ಸಿಗೆ, ಅದು ಹಾಗೇ ಚೆಂದ.

ವೆಲ್ವೆಟ್ ಬಂದ್‌ಗಲಾ ಚೆನ್ನಾಗೇ ಇರುತ್ತೆ, ಆದರೆ ಎರಡು ಷರತ್ತು. ಒಂದು, ವೆಲ್ವೆಟ್ಟಿಗೆ ರೋಮದ ದಿಕ್ಕು ಇರುತ್ತೆ. ಕೈಯಾಡಿಸಿದರೆ ಒಂದು ಕಡೆ ನಯ, ಇನ್ನೊಂದು ಕಡೆ ತಡೆ. ರೋಮ ಮೇಲ್ಮುಖ ಇಟ್ಟು ಕತ್ತರಿಸಿದರೆ ಕಪ್ಪು ಆಳವಾಗಿ ಕಾಣುತ್ತೆ, ಕೆಳಮುಖ ಇಟ್ಟರೆ ಬೆಳಕು ಹೊಡೆದು ಬೂದಿ ಕಾಣುತ್ತೆ. ಎಲ್ಲ ತುಂಡುಗಳೂ ಒಂದೇ ದಿಕ್ಕಿಗೆ ಇರಬೇಕು. ಬಟ್ಟೆ ಉಳಿಸೋಕೆ ಅಂತ ಒಂದು ತೋಳನ್ನ ತಲೆಕೆಳಗು ಮಾಡಿ ಕತ್ತರಿಸಿದರೆ ಆ ತೋಳು ಜೀವಮಾನಪೂರ್ತಿ ಬೇರೆ ಬಣ್ಣ. ದಿಕ್ಕು ನೋಡಿ ಕತ್ತರಿಸೋಕೆ ಬಟ್ಟೆ ಜಾಸ್ತಿ ಬೇಕು, ದರ್ಜಿಯನ್ನ ಕೇಳೇ ಕೊಳ್ಳಿ. ಎರಡು, ಬಂದ್‌ಗಲಾ ಕತ್ತನ್ನ ಮುಚ್ಚುತ್ತೆ, ಹೊಟ್ಟೆಯನ್ನ ಮುಂದಕ್ಕೆ ತೋರಿಸುತ್ತೆ. ನಿಮ್ಮ ಮೈಕಟ್ಟಿಗೆ ತೆರೆದ ಲ್ಯಾಪೆಲ್ಲೇ ವಾಸಿ.

ಅಮ್ಮನ ಮಾತು ತಳ್ಳಿಹಾಕಬೇಡಿ. ಮುಹೂರ್ತಕ್ಕೂ ಹೋಗೋದಿದ್ದರೆ ಅಲ್ಲಿಗೆ ಕಪ್ಪು ಬೇಡ, ನಮ್ಮಲ್ಲಿ ತುಂಬಾ ಮನೆಗಳಲ್ಲಿ ಹಿರಿಯರಿಗೆ ಅದು ನೋವು ಕೊಡುತ್ತೆ. ರಿಸೆಪ್ಷನ್ನಿಗೆ ಈಗ ಯಾರೂ ಏನೂ ಅನ್ನಲ್ಲ. ಅಮ್ಮಂಗೆ ಸಮಾಧಾನ ಆಗಲಿ ಅಂದರೆ ಉತ್ತರ ಕರ್ನಾಟಕದ ಚಂದ್ರಕಾಳಿ ಸೀರೆ ನೆನಪು ಮಾಡಿ. ಒಡಲು ಕಪ್ಪು, ಅಂಚು ಕೆಂಪು. ಮಹಾರಾಷ್ಟ್ರದಲ್ಲಿ ಸಂಕ್ರಾಂತಿಗೆ ಕಪ್ಪು ಸೀರೆಯೇ ಉಡ್ತಾರೆ. ಆ ಚಂದ್ರಕಾಳಿಯ ಲೆಕ್ಕವನ್ನೇ ನೀವೂ ಇಟ್ಟುಕೊಳ್ಳಿ: ಎದೆಕಿಸೆಯಲ್ಲಿ ಕುಂಕುಮ ಕೆಂಪಿನ ರೇಷ್ಮೆ ಚೌಕ, ಅರ್ಧ ಇಂಚು ಮಾತ್ರ ಹೊರಗೆ. ಬೇರೆಲ್ಲೂ ಬಣ್ಣ ಬೇಡ.

ಬೇರೆ ಯಾರಾದರೂ ಇದನ್ನ ಓದ್ತಿದ್ದರೆ: ನವೆಂಬರಿಂದ ಜನವರಿವರೆಗೆ ಕಪ್ಪು ಶರ್ಟು, ಕಪ್ಪು ಪಂಚೆ ಜೋಡಿ ಹಾಕಿ ಸಮಾರಂಭಕ್ಕೆ ಹೋಗಬೇಡಿ. ಅದು ಶಬರಿಮಲೆ ಮಾಲಾಧಾರಿಗಳ ಉಡುಪು. 41 ದಿನದ ವ್ರತದಲ್ಲಿದ್ದೀರಿ ಅಂತ ಜನ ಸ್ವಾಮಿ ಅಂತಲೇ ಕರೀತಾರೆ, ಊಟಕ್ಕೆ ಬೇರೆ ವ್ಯವಸ್ಥೆ ಮಾಡೋಕೆ ಓಡಾಡ್ತಾರೆ. ವ್ರತದಲ್ಲಿರೋರ ಮರ್ಯಾದೆ ಅವರಿಗೇ ಇರಲಿ.

ಇಸ್ತ್ರಿಮೇಜು

ಬಟ್ಟೆ ಆರಿಸೋ ವಿಷಯ ಆಯ್ತು, ಕಪ್ಪನ್ನ ಕಪ್ಪಾಗೇ ಇಡೋ ವಿಷಯ ಯಾರೂ ಹೇಳಿಲ್ಲ. ಕಪ್ಪು ಹಾಳಾಗೋದು ಹಾಕಿಕೊಂಡು ಅಲ್ಲ, ಒಗೆದು ಮತ್ತು ಇಸ್ತ್ರಿ ಮಾಡಿ.

ಒಗೆಯೋದು: ಗುಂಡಿ, ಜಿಪ್ ಹಾಕಿ ಒಳಮಗ್ಗಲು ಹೊರಗೆ ತಿರುವಿ. ತಣ್ಣೀರು. 10 ಲೀಟರ್ ಬಕೆಟ್ಟಿಗೆ 20 ಮಿಲಿಲೀಟರ್ ಲಿಕ್ವಿಡ್ ಡಿಟರ್ಜೆಂಟ್. ಪೌಡರ್ ಬೇಡ. ಬೋರ್‌ವೆಲ್ ಗಡಸು ನೀರಲ್ಲಿ ಪೌಡರ್ ಪೂರ್ತಿ ಕರಗಲ್ಲ, ಸುಣ್ಣದ ಜೊತೆ ಸೇರಿ ನೇಯ್ಗೆ ಸಂದಿಯಲ್ಲಿ ಬಿಳಿಪುಡಿಯಾಗಿ ಕೂರುತ್ತೆ. ಎಷ್ಟೋ ಜನ ಬಣ್ಣ ಹೋಯ್ತು ಅಂದುಕೊಳ್ಳೋದು ಈ ಪುಡಿಯನ್ನ ನೋಡಿ. ಅಂಥಾ ಬಟ್ಟೆಗೆ ಕೊನೇ ಜಾಲಿಸೋ ನೀರಲ್ಲಿ, 5 ಲೀಟರಿಗೆ ಎರಡು ದೊಡ್ಡ ಚಮಚ ಬಿಳೀ ವಿನೆಗರ್ ಹಾಕಿ ಐದು ನಿಮಿಷ ಬಿಟ್ಟು, ಮತ್ತೊಮ್ಮೆ ಬರೀ ನೀರಲ್ಲಿ ತೆಗೀರಿ. ಪುಡಿ ಬಿಡುತ್ತೆ, ಅರ್ಧ ಕಪ್ಪು ವಾಪಸ್ ಬರುತ್ತೆ. ವಿನೆಗರ್ ಆಗಲಿ, ಉಪ್ಪು ನೀರಾಗಲಿ ಬಣ್ಣವನ್ನ ಗಟ್ಟಿ ಮಾಡುತ್ತೆ ಅನ್ನೋದು ಮಾತ್ರ ನಿಜ ಅಲ್ಲ. ಹತ್ತಿಗೆ ಬಣ್ಣ ಹಾಕೋವಾಗ ತೊಟ್ಟಿಯಲ್ಲಿ ಉಪ್ಪಿಗೆ ಕೆಲಸ ಇದೆ. ಸಿದ್ಧವಾದ ಬಟ್ಟೆಯನ್ನ ಬಕೆಟ್ಟಿನಲ್ಲಿ ನೆನೆಸಿದಾಗ ಇಲ್ಲ.

ಬಿಳುಪು ಕೊಡೋ ಡಿಟರ್ಜೆಂಟುಗಳಲ್ಲಿ ಬೆಳಕು ಸೂಸೋ ಪದಾರ್ಥ ಸೇರಿಸಿರ್ತಾರೆ. ಅದು ಬಿಳಿಗೆ ಒಳ್ಳೇದು, ಕಪ್ಪಿನ ಮೇಲೆ ನೀಲಿ ಮಬ್ಬು ತರುತ್ತೆ. ಬಿಳೀ ಟವೆಲ್ ಜೊತೆ ಮೆಷಿನ್ನಿಗೆ ಹಾಕಬೇಡಿ, ಅದರ ನವಿರೆಲ್ಲ ಬಂದು ಅಂಟುತ್ತೆ. ರಾತ್ರಿಯಿಡೀ ನೆನೆಹಾಕಬೇಡಿ, 10 ನಿಮಿಷ ಸಾಕು. ಒಣಗಿಸೋದು ನೆರಳಲ್ಲಿ, ಒಳಮಗ್ಗಲು ಹೊರಗಿಟ್ಟೇ. ಪ್ಯಾಂಟನ್ನ ಸೊಂಟಪಟ್ಟಿಯಿಂದ ನೇತುಹಾಕಿ, ನಡುವೆ ಮಡಿಚಿ ತಂತಿ ಮೇಲೆ ಹಾಕಿದರೆ ಮಂಡಿ ಹತ್ತಿರ ಬಿಸಿಲ ಗೆರೆ ಬೀಳುತ್ತೆ.

ಇಸ್ತ್ರಿ: ಕಪ್ಪು ಬಟ್ಟೆಯ ಹೊರಮೈ ಮೇಲೆ ಪೆಟ್ಟಿಗೆ ನೇರ ಮುಟ್ಟಬಾರದು. ಬಿಸಿ ಲೋಹ ಒತ್ತಿದಾಗ ಎಳೆ ಚಪ್ಪಟೆಯಾಗಿ ಕನ್ನಡಿ ಹಾಗೆ ಬೆಳಕು ಹೊಡೆಯುತ್ತೆ. ಪಾಲಿಯೆಸ್ಟರ್ ಇದ್ದರೆ ಸ್ವಲ್ಪ ಕರಗಿಯೇ ಬಿಡುತ್ತೆ, ಅದು ಮತ್ತೆ ಸರಿಯಾಗಲ್ಲ. ಒಳಮಗ್ಗಲಿಂದ ಮಾಡಿ, ಇಲ್ಲ ಮೇಲೊಂದು ಒದ್ದೆ ಹತ್ತಿ ಬಟ್ಟೆ ಹಾಸಿ. ಕಿಸೆಯ ಅಂಚು, ಸೊಂಟಪಟ್ಟಿ, ಹೊಲಿಗೆ ದಪ್ಪ ಇರೋ ಕಡೆ ಎಳೀಬೇಡಿ, ಎತ್ತಿ ಎತ್ತಿ ಒತ್ತಿ. ಬೀದಿಯ ಇದ್ದಿಲು ಇಸ್ತ್ರಿಗೆ ಕೊಡೋದಿದ್ದರೆ ಉಲ್ಟಾ ಮಾಡಿಯೇ ಕೊಡಿ. ಉಣ್ಣೆ ಬಟ್ಟೆ ಆಗಲೇ ಮಿಂಚ್ತಿದ್ದರೆ ಒಂದು ಪಾಲು ವಿನೆಗರಿಗೆ ಮೂರು ಪಾಲು ನೀರು ಬೆರೆಸಿ, ಅದರಲ್ಲಿ ಅದ್ದಿ ಹಿಂಡಿದ ಬಟ್ಟೆ ಹಾಸಿ ಆವಿ ಏಳೋ ಹಾಗೆ ಒತ್ತಿ, ಬಿಸಿ ಇರೋವಾಗಲೇ ಬ್ರಷ್ಷಿನಿಂದ ರೋಮ ಎಬ್ಬಿಸಿ. ಬಹುಮಟ್ಟಿಗೆ ಇಳಿಯುತ್ತೆ. ಪಾಲಿಯೆಸ್ಟರಿಗೆ ಇದು ನಡೆಯಲ್ಲ.

ಕಾರ್ಯಕ್ರಮದ ದಿನ: ರೋಲ್‌ಆನ್ ಹಚ್ಚಿ ಐದು ನಿಮಿಷ ಆರಿದ ಮೇಲೆ ಶರ್ಟು ಹಾಕಿ. ಬಿಳೀ ಗೆರೆ ಹತ್ತಿದರೆ ನೀರು ಮುಟ್ಟಿಸಬೇಡಿ, ಅದೇ ಶರ್ಟಿನ ಒಳಮಡಿಕೆ ಹಿಡಿದು ಒಣದಾಗಿ ಉಜ್ಜಿ. ತಲೆಹೊಟ್ಟು ಇರೋರು ಹಿಂದಿನ ರಾತ್ರಿಯೇ ತಲೆ ತೊಳೀಬೇಕು. ಕೂದಲು ಬಾಚಿ ಆದಮೇಲೆ ಕೋಟು, ಮುಂಚೆ ಅಲ್ಲ. ನಾಯಿ, ಬೆಕ್ಕು ಇರೋ ಮನೆಯಲ್ಲಿ ಕೋಟನ್ನ ಬಾಗಿಲಾಚೆ ಹಾಕಿಕೊಳ್ಳಿ. ಅಂಟುರೋಲರ್ ಕಾರಿನಲ್ಲಿರಲಿ, ಇಳಿದ ಮೇಲೆ ಬೆನ್ನು ಮತ್ತು ಸೀಟಿನ ಭಾಗಕ್ಕೆ ಯಾರ ಕೈಲಾದರೂ ಒಮ್ಮೆ ಎಳೆಸಿ. ಸೀಟಿನ ಧೂಳು ನಮಗೆ ಕಾಣಲ್ಲ, ಹಿಂದೆ ನಿಂತೋರಿಗೆ ಅದೇ ಕಾಣೋದು.

ಮಗ್ಗದಮನೆ

ನೂಲೆಳೆಯವರ ಒಂದು ಮಾತಿಗೆ ನನ್ನ ಒಪ್ಪಿಗೆ ಇಲ್ಲ. ಈ ಕಾರ್ಯಕ್ರಮಕ್ಕೆ ಪಾಪ್ಲಿನ್ನಿಗಿಂತ ರೇಷ್ಮೆ ಶರ್ಟೇ ಮೇಲು. ಮಂಕು ಸೂಟು, ಮಂಕು ಶರ್ಟು, ಸಂಜೆಯ ಲಾನ್ ದೀಪ, ಮೂರೂ ಸೇರಿದರೆ ಫೋಟೊದಲ್ಲಿ ಎದೆಯ ಭಾಗ ಒಂದೇ ಕಪ್ಪು ಗುಡ್ಡೆ. ಲ್ಯಾಪೆಲ್ ಎಲ್ಲಿ ಮುಗೀತು, ಶರ್ಟು ಎಲ್ಲಿ ಶುರುವಾಯ್ತು ಗೊತ್ತಾಗಲ್ಲ. ರೇಷ್ಮೆಯ ಹೊಳಪು ಸ್ಯಾಟಿನ್ ಕಾಟನ್ನಿನ ಹಾಗೆ ಬಿಳೀ ಮಿಂಚಲ್ಲ. ಎಳೆಯ ಮೈ ತ್ರಿಕೋನ ಇರೋದರಿಂದ ಬೆಳಕು ಒಡೆದು ಮೆತ್ತಗೆ ಬರುತ್ತೆ. ಕ್ರೇಪ್ ನೇಯ್ಗೆಯ ರೇಷ್ಮೆ ತಗೊಂಡರೆ ಹೊಳಪು ಇನ್ನೂ ತಗ್ಗುತ್ತೆ, ಹೊಟ್ಟೆ ಮೇಲೆ ಎಳೆತವೂ ಇರಲ್ಲ, ಬಟ್ಟೆ ಜಾರಿ ಬೀಳುತ್ತೆ. 58 ಇಂಚು ಪನ್ನದಲ್ಲಿ ಪೂರ್ತಿ ತೋಳಿಗೆ 1.6 ಮೀಟರ್, 44 ಇಂಚಾದರೆ ಎರಡು ಮೀಟರಿಗಿಂತ ಸ್ವಲ್ಪ ಹೆಚ್ಚು. ಬೆವರು ಬಿದ್ದರೆ ರೇಷ್ಮೆಗೆ ಕಲೆ ಕೂರುತ್ತೆ, ಒಳಗೆ ತೆಳು ಕಪ್ಪು ಬನಿಯನ್ ಕಡ್ಡಾಯ, ಕತ್ತು ವಿ ಆಕಾರದ್ದು.

ಶೂ ಬಗ್ಗೆ: ಡರ್ಬಿ ಸಾಕು, ಹೊಸದು ಬೇಡ. ಮೇಣದ ಪಾಲಿಶ್ ತೆಳುವಾಗಿ ಎರಡು ಸುತ್ತು, ನಡುವೆ ಹತ್ತು ನಿಮಿಷ ಬಿಟ್ಟು. ಮುಂಗಾಲಿನ ತುದಿಗೆ ಮಾತ್ರ ಹೊಳಪು ಹೆಚ್ಚಿರಲಿ. ಅಡಿಯ ಅಂಚು ಸವೆದು ಕಂದಾಗಿರುತ್ತೆ, ಅದಕ್ಕೂ ಬಣ್ಣ ಹಚ್ಚಿ. ಪೂರ್ತಿ ಕಪ್ಪಿನಲ್ಲಿ ಕಣ್ಣು ಕೆಳಗೆ ಇಳಿದಾಗ ಮೊದಲು ಸಿಗೋದು ಆ ಕಂದು ಗೆರೆ. ಸಾಕ್ಸು ಅರ್ಧ ಮೀನಖಂಡದವರೆಗೆ, ಕೂತಾಗ ಚರ್ಮ ಕಾಣಬಾರದು. ಬೆಲ್ಟು 3 ಸೆಂಟಿಮೀಟರ್ ಅಗಲ, ಶೂ ಎಷ್ಟು ಹೊಳಪೋ ಅಷ್ಟೇ ಹೊಳಪಿನ ತೊಗಲು, ಬಕಲ್ ಬೆಳ್ಳಿ ಬಣ್ಣ. ಕೈಗಡಿಯಾರದ ಲೋಹವೂ ಅದೇ. ಒಂದು ಚಿನ್ನ, ಒಂದು ಸ್ಟೀಲು ಆದರೆ ಕಪ್ಪಿನ ಮೇಲೆ ಎರಡೂ ಕೂಗ್ತವೆ.

ನೂಲೆಳೆ

ಫೋಟೊದ ಮಾತು ಸರಿ ಇದೆ, ಕ್ರೇಪ್ ರೇಷ್ಮೆಗೆ ನಾನೂ ಒಪ್ಪಿದೆ. ನಿಮ್ಮ ಬಜೆಟ್ ಹೇಳಿಲ್ಲ. ದುಡ್ಡು ಕಮ್ಮಿ ಬಿದ್ದರೆ ಹೊಲಿಗೆ ಕೂಲಿಯಲ್ಲಿ ಉಳಿಸಬೇಡಿ, ಶರ್ಟಿನಲ್ಲಿ ಉಳಿಸಿ, ಪಾಪ್ಲಿನ್ನಿಗೇ ಹೋಗಿ.

ಫೋಟೊ ತೆಗೆಯೋರಿಗೆ ಒಂದು ಮಾತು ಹೇಳಿ: ಮುಖಕ್ಕೆ ಎಕ್ಸ್‌ಪೋಷರ್ ಹಿಡೀಲಿ. ಫೋನ್ ಕ್ಯಾಮೆರಾ ಕಪ್ಪು ಬಟ್ಟೆಯನ್ನ ನೋಡಿ ಇಡೀ ಚಿತ್ರವನ್ನ ಬೆಳಗಿಸೋಕೆ ಹೋಗುತ್ತೆ, ಕೋಟು ಬೂದಿಯಾಗುತ್ತೆ, ಮುಖದ ಬಣ್ಣ ಸುಣ್ಣ ಬಳಿದ ಹಾಗೆ. ಪರದೆ ಮೇಲೆ ಮುಖ ಮುಟ್ಟಿ ಸ್ವಲ್ಪ ಕೆಳಗೆ ಎಳೆದರೆ ಸರಿಹೋಗುತ್ತೆ. ಕಡು ಬಣ್ಣದ ಗೋಡೆ, ಲಾನಿನ ಕತ್ತಲು ಮೂಲೆ ಬೆನ್ನ ಹಿಂದೆ ಬೇಡ, ದೀಪದ ಸಾಲು ಇರೋ ಕಡೆ ನಿಲ್ಲಿ. ಭುಜದ ಗೆರೆಗೆ ಬೆಳಕಂಚು ಸಿಗುತ್ತೆ.

ಕಾಜಗುಂಡಿ_ಹುಬ್ಬಳ್ಳಿ

ರೇಷ್ಮಿ ಶರ್ಟು ಹೊಲಸೂದಾದ್ರ ಒಂದು ಮಾತು. ಸೂಜಿ ಸಣ್ಣಂದು, 9 ಇಲ್ಲಾ 11 ನಂಬರಿಂದು ಹಾಕಾಕ ಹೇಳ್ರಿ. ದಪ್ಪ ಸೂಜಿ ಹಾಕಿದ್ರ ಹೊಲಿಗಿ ಸಾಲಿನುದ್ದಕ್ಕೂ ತೂತು ಕಾಣತಾವ, ಬಿಚ್ಚಿದ್ರೂ ಹೋಗಂಗಿಲ್ಲ. ಬಟ್ಟಿ ಕೊಡೂದಕ್ಕ ತಡ ಮಾಡಬ್ಯಾಡ್ರಿ. ನವೆಂಬರ್ ಮದಿವಿ ಹಂಗಾಮು, ದರ್ಜಿ ಕೈ ಖಾಲಿ ಇರಂಗಿಲ್ಲ. ಕೋಟಿಗೆ ಎರಡು ಟ್ರಯಲ್ ಬೇಕ ಬೇಕು, ಒಂದು ಕಚ್ಚಾ ಹೊಲಿಗಿ ಇದ್ದಾಗ, ಇನ್ನೊಂದು ತೋಳು ಹಚ್ಚಿದಮ್ಯಾಲ. ಎರಡಕ್ಕೂ ಅವತ್ತು ಹಾಕೂ ಶೂನ ಹಾಕ್ಕೊಂಡು ಹೋಗ್ರಿ, ಇಲ್ಲಾಂದ್ರ ಬಾಟಮ್ಮಿನ ಉದ್ದ ತಪ್ಪತೈತಿ.

ಇಸ್ತ್ರಿಮೇಜು

ಗಾಡಿಯಲ್ಲಿ ವಾಪಸ್ ಹೋಗೋದಾದರೆ ಇದನ್ನ ಮರೀಬೇಡಿ. ರಾತ್ರಿ 11ಕ್ಕೆ ಪೂರ್ತಿ ಕಪ್ಪು ಹಾಕಿಕೊಂಡು ಬೈಕ್ ಮೇಲೆ ಕೂತರೆ ಹಿಂದಿನ ಲಾರಿಯವರಿಗೆ ನೀವು ಕಾಣೋದೇ ಇಲ್ಲ. ಬೆಳಕು ಹೊಡೆಯೋ ಪಟ್ಟಿ ಇರೋ ಜಾಕೆಟ್ಟೋ ವೆಸ್ಟೋ ಸೀಟಿನ ಕೆಳಗೆ ಇಟ್ಟಿದ್ದು ಮೇಲೆ ಹಾಕಿಕೊಳ್ಳಿ. ಕೋಟನ್ನ ಕವರಿನಲ್ಲಿ ಹಾಕಿ ಬೆನ್ನಿಗೆ ಕಟ್ಟಿಕೊಂಡರೆ ಇನ್ನೂ ಒಳ್ಳೇದು, ಬ್ಯಾಗಿನ ಪಟ್ಟಿ ಉಜ್ಜಿ ಭುಜದ ಮೇಲೆ ಮಿಂಚು ಬರೋದೂ ತಪ್ಪುತ್ತೆ. ಮನೆಗೆ ಬಂದ ತಕ್ಷಣ ಬೀರುವಿಗೆ ತುಂಬಬೇಡಿ. ಅಗಲ ಭುಜದ ಹ್ಯಾಂಗರಿಗೆ ಹಾಕಿ ರಾತ್ರಿಯಿಡೀ ಗಾಳಿಗೆ ಬಿಟ್ಟು, ಬೆಳಗ್ಗೆ ಕಾಲರಿನಿಂದ ಕೆಳಮುಖವಾಗಿ ಬ್ರಷ್ ಮಾಡಿ ಒಳಗಿಡಿ. ಕಲೆ ಆಗದೇ ಇದ್ದರೆ ಡ್ರೈಕ್ಲೀನ್ ಬೇಡ, ಆ ಸೂಟು ಇನ್ನೂ ನಾಲ್ಕು ಸಲ ಹಾಗೇ ಹಾಕಬಹುದು.